ಹಸಿರು ಪರದೆಯ ಗಿಳಿಗಳು

ನಮ್ಮ ಬಳಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಸುಬು. ಮೊಳಕಾಲ್ಮುರಿನ ಸೋದರಮಾವನಿಗೆ ರೇಷ್ಮೆ ಸೀರೆ ನೇಯುವುದು, ಅತ್ತೆಗೆ ಅವನು ನೇಯ್ದದ್ದನ್ನು ಬೀದಿಗೆಲ್ಲ ಹೇಳಿಕೊಂಡು ಬರುವುದು, ಅವರ ಮಗ, ಅಂದರೆ ನನ್ನ ಭಾವನಿಗೆ ಚಳ್ಳಕೆರೆಯಲ್ಲಿ ಪ್ರಿಂಟರ್ ರಿಪೇರಿ. ನನಗೆ ಕಂಡವರ ದನಿ ತೆಗೆಯುವುದು, ಅಂದರೆ ಮಿಮಿಕ್ರಿ. ಮದುವೆಮನೆಯಲ್ಲಿ ಮೈಕು ಕೈಗೆ ಸಿಕ್ಕರೆ ಪುರೋಹಿತರ ಕೆಮ್ಮಿನಿಂದ ಹಿಡಿದು ಅಡುಗೆಯವರ ಬೈಗುಳದ ತನಕ ಯಾರನ್ನೂ ಬಿಡುವುದಿಲ್ಲ. ನನ್ನ ಸ್ವಂತ ದನಿಯನ್ನು ಮಾತ್ರ ಈವರೆಗೆ ಯಾರೂ ತೆಗೆದು ತೋರಿಸಿಲ್ಲ. ತೆಗೆಯುವಷ್ಟು ಅದರಲ್ಲಿ ಏನೂ ಇಲ್ಲ ಎಂದು ನಮ್ಮವ್ವ ಹೇಳುತ್ತಾಳೆ. ಅವ್ವನ ದನಿಯಲ್ಲಿ ಇದನ್ನು ಹೇಳಿದರೆ ಇನ್ನೂ ಚೆನ್ನಾಗಿರುತ್ತದೆ.

ನಾನು ಮೊಟ್ಟಮೊದಲು ಕಲಿತದ್ದು ಒಂದು ಕಂಪ್ಯೂಟರಿನ ದನಿ. ಚಳ್ಳಕೆರೆಯಲ್ಲಿ ಬಾಗಿಲು ಹಾಕಿದ ಟೈಪಿಂಗ್ ಕ್ಲಾಸೊಂದರಿಂದ ಭಾವ ಅದನ್ನು ತಂದಿದ್ದ. ಕೌದಿಯಲ್ಲಿ ಸುತ್ತಿ, ಬಸ್ಸಿನ ಟಾಪಿನ ಮೇಲೆ ಶೇಂಗಾ ಮೂಟೆಗಳ ನಡುವೆ ಕೂರಿಸಿ, ತಳಕು ದಾಟಿ ಬಿ.ಜಿ. ಕೆರೆ ದಾಟಿ ಮೊಳಕಾಲ್ಮುರು ಮುಟ್ಟಿಸುವಷ್ಟರಲ್ಲಿ ಅವನಿಗೆ ಹೆಣ್ಣು ಕರೆತಂದಷ್ಟು ಸುಸ್ತಾಗಿತ್ತಂತೆ. ನಿಜವಾದ ಹೆಣ್ಣು ಸಿಗಲು ಆಮೇಲೆ ಇಪ್ಪತ್ತು ವರ್ಷವಾಯಿತು, ಆ ಮಾತು ಬೇರೆ. ಕಪ್ಪು ಪರದೆ, ಅದರ ಮೇಲೆ ಬರೀ ಹಸಿರು. ಹಪ್ಪಳದಂಥ ಫ್ಲಾಪಿಯನ್ನು ಚಡ್ಡಿಗೆ ಉಜ್ಜಿ, ಉಫ್ ಎಂದು ಊದಿ ತೂರಿಸಿದರೆ ಒಳಗಿನಿಂದ ಮುದುಕ ಗಂಟಲು ಸರಿಮಾಡಿಕೊಂಡಂಥ ಸದ್ದು ಬರುತ್ತಿತ್ತು. ಬೇಸಿಗೆ ರಜೆಗೆ ನಾನು ಹೋಗುತ್ತಿದ್ದದ್ದೇ ಅದಕ್ಕೆ.

ಚುಕ್ಕೆಗಳ ಹಾವೊಂದಿತ್ತು, ಇಟ್ಟಿಗೆ ಒಡೆಯುವ ಚೆಂಡೊಂದಿತ್ತು, ಯಾವ ಕಡೆ ತಿರುಗಿಸಿದರೂ ಗೋಡೆಗೇ ಗುದ್ದುವ ಕಾರೊಂದಿತ್ತು. ಎಲ್ಲಕ್ಕಿಂತ ದೊಡ್ಡದು ರಾಕ್ಷಸರ ಆಟ. ಚೌಕ ಚೌಕಗಳಿಂದಾದ ರಾಕ್ಷಸರು ಸಾಲುಸಾಲಾಗಿ ಮೇಲಿನಿಂದ ಇಳಿದು ಬರುತ್ತಿದ್ದರು. ಕೆಳಗೆ ನಮ್ಮದೊಂದು ಪುಟ್ಟ ಫಿರಂಗಿ. ಡುಕ್, ಡುಕ್, ಡುಕ್ ಎಂದು ಅವರ ಹೆಜ್ಜೆ. ಹೊಡೆದಷ್ಟೂ ಉಳಿದವರ ಹೆಜ್ಜೆ ಜೋರಾಗುತ್ತಿತ್ತು. ಮಧ್ಯಾಹ್ನದ ಸೆಕೆಗೆ ಯಂತ್ರ ಆಟದ ನಡುವೆಯೇ ಸ್ತಬ್ಧವಾಗಿ ನಿಂತುಬಿಡುತ್ತಿತ್ತು. ಆಗ ಭಾವ ಜ್ವರ ಬಂದವರಿಗೆ ಹಾಕುವಂತೆ ಅದರ ತಲೆಯ ಮೇಲೆ ಒದ್ದೆ ಟವೆಲು ಹಾಕುತ್ತಿದ್ದ. ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆಂಬ ನಂಬಿಕೆ ಇರಲಿಲ್ಲವಾದ್ದರಿಂದ ಹಾಗೇ ಬಿಟ್ಟು ನಾವು ಈಜಲು ಹೋಗುತ್ತಿದ್ದೆವು. ಖಾಲಿ ಪಡಸಾಲೆಯಲ್ಲಿ ರಾಕ್ಷಸರು ಅಲ್ಲಾಡದೆ ಹಸಿರಾಗಿ ನಿಂತಿರುತ್ತಿದ್ದರು.

ಅದೇ ವರ್ಷ ಮಾವ ಅತ್ತೆಗೊಂದು ಸೀರೆ ನೇಯ್ದ. ಕೆಂಪು ಅಂಚಿನ ತುಂಬ ಸಾಲಾಗಿ ಹಸಿರು ಗಿಳಿಗಳು. ಅಲ್ಲಿಯ ತನಕ ಅವನು ನೇಯ್ದ ಹಂಸ, ಮಾವಿನಕಾಯಿ, ರುದ್ರಾಕ್ಷಿ ಎಲ್ಲವೂ ಬೇರೆಯವರು ಗ್ರಾಫ್ ಹಾಳೆಯ ಮೇಲೆ ಬರೆದುಕೊಟ್ಟವು. ಇದೊಂದು ಅವನದೇ. ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಗಂಟಲು ಸರಿಮಾಡಿಕೊಂಡು, "ಮಗ್ಗದ ಗುಂಡಿಯಾಗೆ ಕೂತಿದ್ದೆ, ಹಂಗೇ ಕಣ್ಮುಂದೆ ಬಂತು" ಎನ್ನುತ್ತಿದ್ದ. ಅತ್ತೆ ಆ ಸೀರೆ ಉಟ್ಟು ಮೊಳಕಾಲ್ಮುರಿನ ಒಂದು ಬೀದಿಯನ್ನೂ ಬಿಡಲಿಲ್ಲ. "ಮಾ ಆಯನ ಚಿಲಕ" ಎಂದು ತೆಲುಗಿನವರಿಗೆ, "ನಮ್ಮನೆಯವರ ಗಿಳಿ" ಎಂದು ಕನ್ನಡದವರಿಗೆ. ಅಂಚನ್ನು ಕೇಳಿಕೊಂಡು ಜನ ಬಂದರು. ಮಾವನಿಗೆ ಗಿಳಿ ಅಂಚಿನವರು ಎಂಬ ಹೆಸರು ನಿಂತಿತು. ನಾವು ಹುಡುಗರಂತೂ ಸೀರೆಯ ಅಂಚನ್ನು ನೋಡುವ ಜಾತಿಯವರಲ್ಲ.

ಈಚೆಗೆ ಭಾವನ ಮದುವೆ ತಳಕಿನ ಹುಡುಗಿಯ ಜೊತೆ ಗೊತ್ತಾಯಿತು. ಮಾವನ ಮೊಣಕಾಲು ಮಗ್ಗದ ಮುಂದೆ ಕಾಲಿಳಿಬಿಟ್ಟು ಕೂರುವ ಗುಂಡಿಗೆ ಇಳಿಯಲು ಒಪ್ಪುತ್ತಿರಲಿಲ್ಲ. ಆದರೂ ಸೊಸೆಯ ಧಾರೆ ಸೀರೆಯನ್ನು ತಾನೇ ನೇಯುತ್ತೇನೆ, ಗಿಳಿ ಅಂಚಿನದು, ಇದೇ ಕಡೆಯದು, ಆಮೇಲೆ ಮಗ್ಗ ಬಿಚ್ಚುತ್ತೇನೆ ಎಂದು ಕೂತ. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ ಶುರುಮಾಡಿ ಒಂದಿಷ್ಟು ನೇಯ್ದಾಗಿತ್ತು.

ಅದೇ ಹೊತ್ತಿಗೆ ಭಾವನಿಗೆ ಹಳೆಯ ಆಟಗಳ ಕಾಯಿಲೆ ಹತ್ತಿತು. ಬೊಜ್ಜು ಬಂದ ಗಂಡಸರು ಹಳೇ ಕಂಪ್ಯೂಟರಿನ ಮುಂದೆ ಕೂತು ಕಣ್ಣು ಒದ್ದೆ ಮಾಡಿಕೊಳ್ಳುವ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ತಾನೂ ಒದ್ದೆ ಮಾಡಿಕೊಳ್ಳುತ್ತಿದ್ದ.

"ಆಗಿನ ಗೇಮಿನಾಗೆ ಜೀವ ಇತ್ತಲೇ" ಎನ್ನುತ್ತಿದ್ದ.

"ನಿನ್ನ ತಲೆಯಾಗೆ ಕೂದ್ಲೂ ಇತ್ತು" ಎನ್ನುತ್ತಿದ್ದೆ, ಅವನದೇ ದನಿಯಲ್ಲಿ.

ಅಟ್ಟದಿಂದ ಯಂತ್ರ ಇಳಿಸಿ, ಇಲಿ ಹಿಕ್ಕೆ ಗುಡಿಸಿ, ಅಂಗಡಿಯ ಕೆಲಸ ಬಿಟ್ಟು ರಿಪೇರಿಗೆ ಕೂತ. ಸ್ಪೀಕರು ಸತ್ತಿತ್ತು, ಮಿಕ್ಕದ್ದು ಬದುಕಿತು. ಹುಡುಗಿಯೂ ಅವಳ ತಾಯಿಯೂ ಸೀರೆ ನೋಡಲು ಬರುವ ದಿನವೇ ಅದನ್ನು ತೋರಿಸಬೇಕೆಂದು ಅವನ ಹಟ. ಮದುವೆಯಾಗುವವಳ ಮುಂದೆ ರಾಕ್ಷಸರನ್ನು ಕೊಂದು ತೋರಿಸುವ ಆಸೆ. ಪಾಪ, ತೋರಿಸಲು ಅವನ ಹತ್ತಿರ ಬೇರೆ ಏನಿತ್ತು?

ಅವರು ಬಂದರು. ಅತ್ತೆ ಅದೇ ಹಳೆಯ ಗಿಳಿ ಸೀರೆ ಉಟ್ಟು ಮಂಡಕ್ಕಿ ಮೆಣಸಿನಕಾಯಿ ಕೊಟ್ಟಳು. ಪಕ್ಕದ ಕೋಣೆಯಲ್ಲಿ ಮಾವನ ಮಗ್ಗ ಆಡುತ್ತಿತ್ತು. ಭಾವ ಸ್ವಿಚ್ಚು ಒತ್ತಿದ. ಹಸಿರು ಮಿಣುಕಿತು, ರಾಕ್ಷಸರು ಸಾಲಾಗಿ ಬಂದು ನಿಂತರು. ಸ್ಪೀಕರಿನ ಕೆಲಸ ನನ್ನದಾಗಿತ್ತು. ಡುಕ್, ಡುಕ್, ಡುಕ್ ಎಂದು ಶುರುಮಾಡಿದೆ.

ಹುಡುಗಿ ಪರದೆ ನೋಡಿದಳು. ಪಕ್ಕದಲ್ಲಿ ನಿಂತ ಅತ್ತೆಯ ಸೆರಗು ನೋಡಿದಳು. ಮತ್ತೆ ಪರದೆ ನೋಡಿದಳು.

"ಅತ್ತೆ, ನಿಮ್ಮ ಸೀರೆಯವು ಇಲ್ಲಿ ಓಡಾಡ್ತಾವೆ!"

ಅತ್ತೆ ಬಗ್ಗಿ, ಸೆರಗಿನ ಅಂಚು ಹಿಡಿದು ಗಾಜಿಗೆ ಒತ್ತಿ ನೋಡಿದಳು. ಅಂಚಿನ ಗಿಳಿಯ ಚೌಕಗಳೂ ಪರದೆಯ ಚೌಕಗಳೂ ಒಂದರ ಮೇಲೊಂದು ಕೂತವು.

"ಇವು ಏನಲಾ?"

"ರಾಕ್ಷಸರವ್ವಾ. ಮೇಲಿಂದ ಇಳೀತಾರೆ, ನಾವು ಸುಡಬೇಕು."

"ಗಿಳಿ ಅಲ್ವೇನೋ?"

"ಗಿಳಿಗೆ ಎಲ್ಲಾರ ಕೊಂಬು ಇರ್ತಾವಾ?"

"ಜುಟ್ಟು ಅಂದಿದ್ರಲ್ಲೋ ನಿಮ್ಮಪ್ಪ!"

ಒಳಗೆ ಮಗ್ಗ ನಿಂತಿತು.

"ಏನ್ರೀ, ಬರ್ರಿ ಇಲ್ಲಿ" ಎಂದು ಅತ್ತೆ ಕೂಗಿದಳು. "ನಿಮ್ಮ ಗಿಳಿ ಬಂದಾವೆ, ಕಾಳು ಹಾಕ್ರಿ ಬರ್ರಿ!"

ಮಾವ ಮೊಣಕಾಲಿಗೆ ಕೈಯೂರಿ ಗುಂಡಿಯಿಂದ ಎದ್ದು ಬಂದ. ಪರದೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ. ಭಾವ ಒಂದನ್ನು ಹೊಡೆದ, ಅದು ಚಿಂದಿಯಾಗಿ ಮಾಯವಾಯಿತು. ಮಾವ ರೆಪ್ಪೆ ಬಡಿದ.

"ಅವತ್ತು ನಿಂತಿದ್ವು" ಎಂದ. "ನೀರು ಕುಡಿಯಾಕೆ ಬಂದೆ. ಅಲ್ಲಾಡ್ತಿರ್ಲಿಲ್ಲ ಇವು. ಕಂಪ್ಯೂಟರ್‌ನಾಗೂ ಸೀರೆ ಗ್ರಾಫ್ ಹಾಕ್ತಾರೆ ಅಂತ ಕೇಳಿದ್ದೆ. ಯಾರೋ ಬರೆದಿಟ್ಟ ಗಿಳಿ ಅನ್ಕಂಡೆ. ಹಸರಿತ್ತಲ್ಲ. ಚೌಕ ಎಣಿಸ್ಕಂಡು ಹಾಳೆಗೆ ಇಳಿಸ್ದೆ. ಕಾಲು ಜಾಸ್ತಿ ಕಂಡ್ವು, ಎರಡು ತೆಗೆದೆ."

"ಕಣ್ಮುಂದೆ ಬಂತು ಅಂದ್ರಿ?" ಎಂದಳು ಅತ್ತೆ.

ಮಾವನ ಉತ್ತರವನ್ನು ನಾನು ಕೊಟ್ಟೆ. ಗಂಟಲು ಸರಿಮಾಡಿಕೊಂಡು, ಅವನದೇ ದನಿಯಲ್ಲಿ, ಅವನದೇ ನಿಧಾನದಲ್ಲಿ, "ಮಗ್ಗದ ಗುಂಡಿಯಾಗೆ ಕೂತಿದ್ದೆ, ಹಂಗೇ ಕಣ್ಮುಂದೆ ಬಂತು" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ಅತ್ತೆ. "ಇಪ್ಪತ್ತು ವರ್ಷ ಭೂತ ಉಟ್ಕಂಡು ಊರು ಸುತ್ತಿದೆನಲ್ಲೋ! ಆ ಭೂತ ತೋರಿಸಿ ಕುಂಕುಮ ಇಸ್ಕಂಡೆನಲ್ಲೋ!" ಎಂದು ಎದೆ ಬಡಿದುಕೊಂಡು ನಕ್ಕಳು. ಅವಳು ಲೋಟ ತರಲು ಒಳಗೆ ಹೊರಟರೆ ಹೆಜ್ಜೆ ಹೆಜ್ಜೆಗೂ ಡುಕ್, ಡುಕ್ ಎಂದೆ. ಅಡುಗೆಮನೆಯ ಹೊಸ್ತಿಲಲ್ಲಿ ನಗು ತಡೆಯಲಾಗದೆ ಅವಳು ಕುಸಿದು ಕೂತಳು.

ಹುಡುಗಿಗೆ ಖುಷಿಯೋ ಖುಷಿ. ಅಂಚಿನದೊಂದು, ಪರದೆಯದೊಂದು, ಮಾವನದೊಂದು ಫೋಟೋ ತೆಗೆದಳು. "ಮಾವ, ನನಗೆ ಇದೇ ಬೇಕ್ರಿ. ಯಾರತ್ರನೂ ಇಲ್ಲ ಇಂಥದ್ದು, ನೋಡ್ದೋರೆಲ್ಲ ನಕ್ಕು ನಕ್ಕು ಸಾಯ್ತಾರೆ. ಸೆರಗಿನಾಗೆ ಒಂದು ಫಿರಂಗೀನೂ ಹಾಕ್ಬಿಡ್ರಿ!" ಅವಳಲ್ಲಿ ಒಂದಿಷ್ಟೂ ಕೆಟ್ಟ ಬುದ್ಧಿ ಇರಲಿಲ್ಲ. ಮನಸಾರೆ ಕೇಳಿದ್ದಳು. ಮಾವನಿಗೆ ಆ ದಿನ ಬಿದ್ದ ಏಟುಗಳಲ್ಲಿ ದೊಡ್ಡದು ಅದೇ ಇರಬೇಕು.

ಒಳಗೆ ಹೋಗುವ ಮುನ್ನ ಮಾವ ನನ್ನ ಕಡೆ ತಿರುಗಿದ. "ಲೇ ಅಳಿಯಾ, ನಾನು ಒಂದು ಕದ್ದೆ. ನೀನು ಹುಟ್ಟಿದಾಗಿಂದ ಕಂಡೋರ ಗಂಟಲು ಕದೀತಿದೀಯ. ನಿಂದು ಅಂತ ಒಂದು ದನಿ ಇದ್ರೆ ತೆಗಿ ಕೇಳಾನ."

ಬಾಯಿ ತೆರೆದೆ. "ಐತೆ ಮಾವ" ಎನ್ನಬೇಕೆಂದಿದ್ದೆ. ಹೊರಬಂದದ್ದು ಮಾವನ ದನಿ, ಗಂಟಲು ಸರಿಮಾಡಿಕೊಂಡದ್ದೂ ಸೇರಿ. ಜನ ಇನ್ನೊಂದು ಸುತ್ತು ನಕ್ಕರು. ಈ ಸಲ ನನ್ನನ್ನು ನೋಡಿ ನಕ್ಕರು ಎಂಬುದು ಬಸ್ಸು ಹತ್ತಿದ ಮೇಲೆ ಗೊತ್ತಾಯಿತು.

ಧಾರೆಯ ಬೆಳಿಗ್ಗೆ ತಳಕಿನಲ್ಲಿ ಸೀರೆಯ ಮಡಿಕೆ ಬಿಚ್ಚಿದರು. ಒಳತುದಿಯಿಂದ ಒಂದು ಸುತ್ತಿನಷ್ಟು ಗಿಳಿ, ಒತ್ತೊತ್ತಾಗಿ. ಆಮೇಲೆ ಥಟ್ಟನೆ ನಿಂತಿತ್ತು. ಮುಂದೆಲ್ಲ ಬರೀ ಕೆಂಪು ಅಂಚು, ಸೆರಗಿನ ತುದಿಯವರೆಗೆ. ಕಂಪ್ಯೂಟರು ಹಚ್ಚಿದ ದಿನವೇ ಮಾವ ಅಂಚಿನ ಚಿತ್ತಾರ ಮೂಡಿಸುವ, ಗಿಳಿಯ ತೂತು ಹೊಡೆದ ರಟ್ಟುಗಳನ್ನು ಮಗ್ಗದ ಮೇಲಿನಿಂದ ಇಳಿಸಿಬಿಟ್ಟಿದ್ದ. ಉಟ್ಟಾಗ ಗಿಳಿಗಳೆಲ್ಲ ಸೊಂಟದ ಒಳಸುತ್ತಿಗೆ ಹೋದವು, ಹೊರಗೆ ಒಂದೂ ಕಾಣಲಿಲ್ಲ.

"ಎಲ್ರಿ ಅತ್ತೆ ನನ್ನ ರಾಕ್ಷಸರು?" ಎಂದು ಹುಡುಗಿ ಮುಖ ಸಣ್ಣದು ಮಾಡಿದಳು. ನೆರಿಗೆ ಹಿಡಿಯುತ್ತ ಕೂತಿದ್ದ ಅತ್ತೆ ಇನ್ನೊಂದು ನೆರಿಗೆ ಮಡಚಿದಳು.

"ಯಾಕಪ್ಪಾ ಹಿಂಗೆ ಮಾಡಿದೆ?" ಎಂದು ಭಾವ ಬಾಸಿಂಗ ಕಟ್ಟಿಕೊಂಡೇ ಬಂದು ಕೇಳಿದ.

"ಗಿಳಿ ಅನ್ಕಂಡು ನೇಯ್ತಿದ್ದೆ, ಕೈ ಆಡ್ತಿತ್ತು" ಎಂದ ಮಾವ. "ಈಗ ಆಡಲ್ಲ."

ನಾನು ಮೈಕಿನಲ್ಲಿ ಮಾಡಬೇಕೆಂದು ಗೇಮ್ ಸೀರೆಯ ಐಟಮ್ಮೊಂದನ್ನು ಕಟ್ಟಿಕೊಂಡು ಹೋಗಿದ್ದೆ. ತೋರಿಸಲು ಸೀರೆಯೇ ಇಲ್ಲವಾಯಿತು. ಪುರೋಹಿತರ ಕೆಮ್ಮನ್ನೇ ಇನ್ನೊಮ್ಮೆ ಕೆಮ್ಮಿ ಇಳಿದೆ.

ಮದುವೆಯ ಮಾರನೆಯ ದಿನ ಮೊಳಕಾಲ್ಮುರಿನಲ್ಲಿ ನೆಂಟರಿಗೆ ಊಟ. ಪಡಸಾಲೆಯಲ್ಲಿ ಯಂತ್ರ ಇನ್ನೂ ಇತ್ತು. ಹುಡುಗರೆಲ್ಲ ಆಡಿ ಬೇಸತ್ತು ಎದ್ದ ಮೇಲೆ ಮಾವ ಬಂದು ಕುರ್ಚಿಯಲ್ಲಿ ಕೂತ. ಈ ಮನೆಗೆ ಅದು ಬಂದ ಮೇಲೆ ಅವನು ಅದರ ಮುಂದೆ ಆಡಲು ಕೂತದ್ದು ಅದೇ ಮೊದಲು.

"ಯಾವುದು ಒತ್ತಬೇಕಲೇ?"

ಭಾವ ತೋರಿಸಿದ. ಮಾವ ಎರಡೂ ಕೈ ಇಟ್ಟ. ಮೇಜಿನ ಕೆಳಗೆ ಅವನ ಪಾದಗಳೂ ಅಲ್ಲಾಡತೊಡಗಿದವು, ಮಗ್ಗದ ತುಳಿಗೋಲು ಹುಡುಕುತ್ತಿದ್ದವೇನೋ. ಹೊಡೆಯತೊಡಗಿದ. ನಮ್ಮ ಹಾಗೆ ಕಂಡಕಂಡಲ್ಲಿ ಹೊಡೆಯಲಿಲ್ಲ. ಎಡದಿಂದ ಬಲಕ್ಕೆ ಒಂದು ಸಾಲು, ಬಲದಿಂದ ಎಡಕ್ಕೆ ಇನ್ನೊಂದು, ಲಾಳಿ ಹೋಗಿ ಬಂದ ಹಾಗೆ.

"ಲೇ, ಸದ್ದು ಮಾಡು" ಎಂದ, ನನ್ನ ಕಡೆ ನೋಡದೆ.

ಡುಕ್, ಡುಕ್ ಎಂದೆ. ಸಾಲುಗಳು ಕರಗಿದಂತೆ ಹೆಜ್ಜೆ ಜೋರಾಯಿತು, ನನಗೆ ಉಸಿರು ಸಾಲದಾಯಿತು. ಕಡೆಯದೊಂದು ಪರದೆಯ ಆ ತುದಿಗೂ ಈ ತುದಿಗೂ ಹುಚ್ಚು ಹಿಡಿದಂತೆ ಓಡಿತು. ಮಾವ ಕಾದು ಕೂತು ಅದನ್ನೂ ಹೊಡೆದ. ಪರದೆ ಕಪ್ಪಾಯಿತು. ಅವನು ಅಂಗೈ ಒರೆಸಿಕೊಂಡು ಏಳಲು ಮೇಜಿಗೆ ಕೈ ಊರಿದ.

ಅಷ್ಟರಲ್ಲಿ ಎಲ್ಲ ಸಾಲುಗಳೂ ಮತ್ತೆ ಬಂದು ನಿಂತವು, ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೆ.

"ಮತ್ತೆ ಬಂದ್ವಲ್ಲೋ?"

"ಬರ್ತಾವೆ ಮಾವ. ಇದು ಮುಗಿಯಾಕಿಲ್ಲ."

ಮಾವ ಮತ್ತೆ ಕೂತ. ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ.

"ಹ್ಞೂಂ, ಸದ್ದು ಮಾಡು" ಎಂದ.