ಮಳೆಗಾಲದ ಮೂರು ಬುಟ್ಟಿ ಬಳಚು

ಕೂತಲ್ಲಿ ಕೂರಲಾಗದ ಈ ಚಾಳಿ ನನಗೆ ಹುಟ್ಟಿನಿಂದಲೇ ಇದೆ ಎಂದು ಹೆಂಡತಿ ಹೇಳುತ್ತಾಳೆ. ಸುಳ್ಳು. ಅದು ಶುರುವಾದದ್ದು ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಬಳಚಿನಿಂದ. ಬಳಚು ಎಂದರೆ ನಮ್ಮ ಕಡೆ ಹೊಳೆ ಸಮುದ್ರ ಸೇರುವ ಅಳಿವೆಯ ಮರಳಿನಲ್ಲಿ ಸಿಗುವ ಚಿಪ್ಪಿನ ಜೀವಿ. ಅದು ಇದ್ದಲ್ಲೇ ಇರುತ್ತದೆ. ಅದರಷ್ಟು ಸಮಾಧಾನದ ಪ್ರಾಣಿ ಇನ್ನೊಂದಿಲ್ಲ. ನನ್ನ ಸಮಾಧಾನ ಕಳೆದದ್ದು ಮಾತ್ರ ಅದೇ.

ಆಗ ನಾನು ಕುಮಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕ. ಹುಟ್ಟಿದ್ದು ಭಟ್ಕಳದಲ್ಲಿ. ಅಪ್ಪ ದೋಣಿಗೆ ಹೋಗುತ್ತಿದ್ದರು, ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಕೊಡುತ್ತಿದ್ದಳು. ಹೆಂಡತಿಗೆ ಹೊನ್ನಾವರದ ಶಾಲೆಯಲ್ಲಿ ಕೆಲಸವಾದ್ದರಿಂದ ಬಾಡಿಗೆ ಮನೆ ಹೊನ್ನಾವರದಲ್ಲಿ. ಹೀಗೆ ಮೂರೂರಿನ ನಡುವೆ ಬಸ್ಸಿನಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು.

ನಮ್ಮ ವಿಭಾಗದ ಮುಖ್ಯಸ್ಥರು ಕತಗಾಲದ ಕಡೆಯವರು. ಪಾಠ ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕಪ್ಪೆಯ ಹೃದಯವನ್ನು ಬೋರ್ಡಿನ ಮೇಲೆ ಬರೆದರೆ ಅದು ಬಡಿದುಕೊಳ್ಳುತ್ತದೋ ಎನಿಸುತ್ತಿತ್ತು. ಅವರಿಗೆ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಮಾರ್ಗದರ್ಶಕರೆಂಬ ಮಾನ್ಯತೆ ಬೇಕಿತ್ತು, ನನಗೆ ಪಿಎಚ್.ಡಿ. ಬೇಕಿತ್ತು. ಎರಡಕ್ಕೂ ಒಳ್ಳೆಯ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ಲೇಖನ ಬೇಕಿತ್ತು. "ಬಳಚಿನ ಮೇಲೆ ಮಾಡು ಮಾರಾಯಾ, ಖರ್ಚಿಲ್ಲ" ಎಂದರು.

ಲೆಕ್ಕಾಚಾರ ಸುಲಭ. ಶರಾವತಿಯ ಅಳಿವೆಯಲ್ಲಿ ಒಂದೇ ಮರಳುದಿಬ್ಬ. ಪ್ರತಿ ಅಮಾವಾಸ್ಯೆಯ ಇಳಿತದ ಹೊತ್ತಿಗೆ, ಸಮುದ್ರದ ನೀರು ತಗ್ಗಿದಾಗ, ಅಲ್ಲಿಂದ ಒಂದು ಬುಟ್ಟಿ ಬಳಚು ತೆಗೆಯುವುದು, ಐವತ್ತನ್ನು ಅಳೆಯುವುದು, ವರ್ಷವಿಡೀ ಹೇಗೆ ಬೆಳೆಯುತ್ತವೆ ಎಂದು ನೋಡುವುದು. ದಿಬ್ಬ ತೋರಿಸಿದವಳು ನಮಗೆ ಬಳಚು ತಂದುಕೊಡುತ್ತಿದ್ದ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಮೊದಲ ಎರಡು ತಿಂಗಳು ಪ್ಯಾಂಟು ಮಡಚಿ ಅವಳ ಹಿಂದೆ ನಾನೂ ಸೊಂಟಮಟ್ಟದ ನೀರಿಗಿಳಿದೆ. ಅವಳು ಕಾಲಬೆರಳಿನಲ್ಲೇ ಬಳಚನ್ನು ಪತ್ತೆಹಚ್ಚುವಳು. ನಾನು ಕಾಲು ಕೊಯ್ದುಕೊಂಡೆ. ಮೂರನೆಯ ತಿಂಗಳು ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ, ನಾಲ್ಕನೆಯ ತಿಂಗಳು ಉತ್ತರಪತ್ರಿಕೆಗಳ ರಾಶಿ. "ಅಕ್ಕ, ಅದೇ ದಿಬ್ಬದಿಂದ ತಂದು ಮನೆಗೆ ಕೊಡ್ತಿರು" ಎಂದೆ. ಅವಳು "ಆತು ಮಾಸ್ತರೆ" ಎಂದಳು. ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ.

ಅಳತೆಯಲ್ಲಿ ನಾನು ಮೋಸ ಮಾಡಿದವನಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಒಂದೊಂದನ್ನೂ ಎರಡೆರಡು ಸಲ ಅಳೆದು ಬರೆದೆ. ಆಮೇಲೆ ಹೆಂಡತಿ ಅವನ್ನು ಕಾಯಿತುರಿ ಹಾಕಿ ಸುಕ್ಕ ಮಾಡುತ್ತಿದ್ದಳು. ವಿಜ್ಞಾನದ ಪುರಾವೆಯನ್ನು ಸಂಜೆಯೊಳಗೆ ತಿಂದು ಮುಗಿಸಿದ ಸಂಶೋಧಕ ನಾನೊಬ್ಬನೇ ಇರಬೇಕು.

ಮಳೆಗಾಲದ ಮೂರು ತಿಂಗಳ ಬುಟ್ಟಿ ಬಂದಾಗ ನಾನು ಹಿಗ್ಗಿಹೋದೆ. ಬಳಚುಗಳು ದೊಡ್ಡವು, ತುಂಬಿಕೊಂಡವು. ಹೊಳೆಯಲ್ಲಿ ಸಿಹಿನೀರು ನುಗ್ಗಿದಾಗ ಇವು ಸೊರಗಬೇಕು, ಸಾಯಬೇಕು ಎಂದು ಪುಸ್ತಕಗಳು ಹೇಳುತ್ತಿದ್ದವು. ನಮ್ಮ ಬಳಚು ಬೆಳೆದಿತ್ತು! ಮುಖ್ಯಸ್ಥರು ಕೋಷ್ಟಕ ನೋಡಿ ಮೇಜು ಕುಟ್ಟಿದರು. ಲೇಖನವನ್ನು ಇಂಗ್ಲಿಷಿನಲ್ಲಿ ನಾನು ಬರೆದೆ. ಅವರು ನಾಲ್ಕು ಅಲ್ಪವಿರಾಮ ಸರಿಪಡಿಸಿ ತಮ್ಮ ಹೆಸರನ್ನು ಮೊದಲು ಹಾಕಿಕೊಂಡರು. ಆಗ ಅದೇ ಪದ್ಧತಿ, ಯಾರೂ ಹುಬ್ಬೇರಿಸುತ್ತಿರಲಿಲ್ಲ. ಕೊನೆಯಲ್ಲಿ ಪ್ರಾಂಶುಪಾಲರಿಗೆ, ಆಡಳಿತ ಮಂಡಳಿಗೆ, ಟೈಪು ಮಾಡಿದ ಗುಮಾಸ್ತರಿಗೂ ಕೃತಜ್ಞತೆ ಹೇಳಿದೆವು. ಅಕ್ಕನ ಹೆಸರು ಹಾಕಬೇಕೆಂದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಹಾಕುವಂತೆಯೂ ಇರಲಿಲ್ಲ, ಏಕೆಂದರೆ ಲೇಖನದ ಎರಡನೆಯ ಪುಟದಲ್ಲಿ ನಾನು ಬರೆದ ವಾಕ್ಯ ಹೀಗಿತ್ತು: ಮಾದರಿಗಳನ್ನು ಲೇಖಕರು ಪ್ರತಿ ತಿಂಗಳೂ ಖುದ್ದಾಗಿ ಸಂಗ್ರಹಿಸಿದರು. ಎಲ್ಲ ಲೇಖನಗಳಲ್ಲೂ ಹಾಗೇ ಇರುತ್ತಿತ್ತು. ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತು.

ಲೇಖನ ಅಚ್ಚಾಯಿತು. ಆಗೆಲ್ಲ ನೆರಳಚ್ಚಿನ ಅನುಕೂಲ ಇರಲಿಲ್ಲವಾಗಿ, ಲೇಖನದ ಪ್ರತಿ ಬೇಕಾದವರು ಬರೆದವರಿಗೇ ಕಾರ್ಡು ಹಾಕಿ ಕೇಳುತ್ತಿದ್ದರು. ಎಲ್ಲೆಲ್ಲಿಂದಲೋ ಕಾರ್ಡುಗಳು ಬಂದವು, ಕೆಲವು ಹೊರದೇಶದವು. ಟಪಾಲಿನವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಬಳಚಿನ ಮಾಸ್ತರು ಯಾರು?" ಎಂದು ನಗುತ್ತಿದ್ದ. ನಾನು ಕಾರ್ಡುಗಳನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಇಟ್ಟದ್ದು ಕಾಣುವ ಹಾಗೆ ಓಡಾಡಿದೆ.

ಮುಂದಿನ ಆಷಾಢದಲ್ಲಿ ಎರಡನೆಯ ಲೇಖನಕ್ಕೆ ಕೈ ಹಾಕಿದೆ. ಒಂದು ಬೆಳಿಗ್ಗೆ ಅಕ್ಕ ಬಾಗಿಲಿಗೆ ಬಂದಾಗ, "ಈ ಸಲ ನಾನೂ ಬತ್ತೆ, ದಿಬ್ಬಕ್ಕೆ ಹೋಗುವಾ" ಎಂದೆ. ಅವಳು ಮಳೆಗೆ ತಲೆಯ ಮೇಲಿಂದ ಹೊದ್ದ ಕೊಪ್ಪೆ ಸರಿಸಿ ನನ್ನ ಮುಖ ನೋಡಿ ನಕ್ಕಳು.

"ದಿಬ್ಬ ಎಲ್ಲದೆ ಈಗ ಮಾಸ್ತರೆ? ಹೊಳೆ ತುಂಬಿ ಹೋಗೀದೆ. ಮಳೆಗಾಲ ಮುಗಿಯೂವರೆಗೆ ಅಲ್ಲಿ ಕಾಲಿಡೂಕೆ ಆಗುದಿಲ್ಲ."

"ಹಾಗಾರೆ ಹಿಂದಿನ ವರ್ಷ ಮೂರು ತಿಂಗ್ಳು ತಂದದ್ದು?"

"ಅದಾ? ಅದು ನನ್ನ ತೌರ್ಮನೆ ಬದಿದು. ಕುಮಟೆ ಹತ್ರ, ಅಘನಾಶಿನಿದು. ಅಲ್ಲೊಂದು ಮೂಲೇಲಿ ನೀರು ಇಷ್ಟು ಸೊಕ್ಕುದಿಲ್ಲ. ಮಾಸ್ತರಿಗೆ ಅಂದಕೂಡ್ಲೆ ನನ್ನ ತಂಗಿ ದೊಡ್ಡ ದೊಡ್ಡದೇ ಆರ್ಸಿ ಕೊಟ್ಲು. ಬಸ್ಸಿಗೆ ಹಾಕ್ಕಂಡು ತಂದೆ."

ಅವಳ ದನಿಯಲ್ಲಿ ಹೆಮ್ಮೆ ಇತ್ತು. "ಹೇಳ್ಲಿಲ್ಲ ಎಂತಕೆ?" ಎಂದು ಗದರಿದೆ.

"ಹೇಳೂದೆಂತದು? ನೀವು ಕೇಳ್ಲಿಲ್ಲ. ಯಾವಾಗ್ಲೂ ಕೊಡೂ ಖಾಯಂ ಮನೆಗೆ ಇಲ್ಲ ಅನ್ನೂಕೆ ಆಗ್ತದ್ಯಾ?"

ಬೇರೆ ಹೊಳೆ, ಬೇರೆ ನೀರು, ಅದರಲ್ಲೂ ಆರಿಸಿದ್ದು. ಮಳೆಗಾಲದಲ್ಲಿ ಬೆಳೆಯುವ ನಮ್ಮ ಅದ್ಭುತ ಬಳಚು ಕುಮಟೆಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಬಂದದ್ದು. ಅದೇ ಬಸ್ಸಿನಲ್ಲಿ ನಾನೂ ಕೂತಿದ್ದೆನೋ ಏನೋ.

ಭಾನುವಾರ ಭಟ್ಕಳಕ್ಕೆ ಓಡಿದೆ. ಅಮ್ಮ ಅಂಗಳದ ಚಪ್ಪರದಡಿ ಕೂತು ಹರಿದ ಬುಟ್ಟಿಗೆ ಬೆತ್ತ ಹೆಣೆಯುತ್ತಿದ್ದಳು. ಆ ಹೆಂಗಸು ನನ್ನ ಮರ್ಯಾದೆ ತೆಗೆದಳು, ಒಂದು ಮಾತು ಹೇಳಬಾರದಿತ್ತೇ ಎಂದೆಲ್ಲ ಕೂಗಾಡಿದೆ. ಅಮ್ಮ ಬೆತ್ತದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದಳು.

"ನಾ ಎಂತ ಮಾಡ್ತಿದ್ದೆ, ಮರ್ತೋಯ್ತಾ ಮಗಾ? ನವಾಯತರ ಕೇರಿಯ ಹನ್ನೆರಡು ಮನೆ. ನಮ್ಮ ದೋಣಿಗೆ ಮೀನು ಸಿಕ್ಕದ ದಿನ ಹೆಬಳೆ ಬದಿಗೆ ಹೋಗಿ ಬೇರೆಯವರ ಮೀನು ತಂದು ಬುಟ್ಟಿ ತುಂಬ್ಸುದು. ಖಾಯಂ ಮನೆ ಬಾಗ್ಲಿಗೆ ಬರಿ ಬುಟ್ಟಿ ತೋರ್ಸುದು ಅಂದ್ರೆ ಮುಖ ಮುಚ್ಕಂಡ ಹಾಗೆ. ಅವಳೂ ಅದನ್ನೇ ಮಾಡಿದ್ಲು."

"ಇದು ಮೀನಲ್ಲ ಅಮ್ಮ, ಇದು ಸಂಶೋಧನೆ!"

"ಆತು. ಅವಳು ಎಲ್ಲಿಂದ ತಂದ್ಲು ಅಂತ ಕೂಗ್ತೆ. ನೀ ಎಲ್ಲಿದ್ದೆ ಆವಾಗ?"

ಮೀನು ಮಾರಿದವಳ ಹೊಟ್ಟೆಯಲ್ಲಿ ಹುಟ್ಟಿ, ಬುಟ್ಟಿಯ ಪಕ್ಕದಲ್ಲೇ ಬೆಳೆದು, ಖಾಯಂ ಮನೆಯೆಂದರೆ ಏನೆಂದು ತಿಳಿಯದವನಂತೆ ನಟಿಸಿದ್ದೆ. ಊಟಕ್ಕೂ ನಿಲ್ಲದೆ ಹೊರಟೆ. ಅಮ್ಮ ಬೈದಳು.

ಸೋಮವಾರ ಮುಖ್ಯಸ್ಥರಿಗೆ ಎಲ್ಲ ಹೇಳಿ, ಪತ್ರಿಕೆಯ ಸಂಪಾದಕರಿಗೆ ಬರೆದು ಆ ಮೂರು ತಿಂಗಳ ಅಂಕಿಗಳನ್ನು ಹಿಂತೆಗೆದುಕೊಳ್ಳೋಣ ಎಂದೆ. ಅವರು ಬಾಗಿಲು ಹಾಕಿಕೊಂಡರು.

"ಯಾರು ಓದ್ತಾರೆ ಮಾರಾಯಾ ಅದನ್ನ? ಬಳಚು ಬಂದು ಸಾಕ್ಷಿ ಹೇಳ್ತದಾ? ವರ್ಷದ ಕೊನೆಗೆ ನನ್ನ ಮಾನ್ಯತೆಯ ಅರ್ಜಿ ನೋಡ್ತಾರೆ. ಮೊದಲು ನನ್ನದಾಗಲಿ, ನಂತರ ನಿನ್ನದು."

ಅವರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಕಾರ್ಡುಗಳು ಬರುತ್ತಲೇ ಇದ್ದವು. ಈಗ ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ನಾನು ಎದ್ದು ಹಿಂದಿನ ಬಾಗಿಲಿನಿಂದ ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ಹುಡುಗರು "ಸರ್, ನಿಂತು ಪಾಠ ಮಾಡಿ, ಕುತ್ತಿಗೆ ನೋಯ್ತದೆ" ಎನ್ನುವಷ್ಟು ಅತ್ತಿಂದಿತ್ತ ಓಡಾಡುತ್ತಿದ್ದೆ. ಮನೆಯ ಹಿತ್ತಲಿನಲ್ಲಿ ತಿಂದು ಎಸೆದ ಚಿಪ್ಪುಗಳ ರಾಶಿ ಇತ್ತು. ಅತ್ತ ಮುಖ ಹಾಕುವುದನ್ನೇ ಬಿಟ್ಟೆ.

ಆಮೇಲೆ ಕಾರ್ಡಿನ ಬದಲು ಒಂದು ಪತ್ರ ಬಂತು. ಬೇರೆ ರಾಜ್ಯದ ಕರಾವಳಿಯಲ್ಲಿ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳದು. ನಮ್ಮ ಲೇಖನ ನಂಬಿ ಇಡೀ ಮಳೆಗಾಲ ತನ್ನೂರಿನ ಹೊಳೆಯಲ್ಲಿ ಹುಡುಕಿದ್ದಳು. ಅವಳಿಗೆ ಸಿಕ್ಕಿದ್ದು ಬರೀ ಸತ್ತ ಚಿಪ್ಪು. ಗುರುಗಳು ಅವಳ ಕೆಲಸವನ್ನೇ ಅನುಮಾನಿಸುತ್ತಿದ್ದಾರಂತೆ. ತನ್ನ ವಿಧಾನದಲ್ಲಿ ಎಲ್ಲಿ ತಪ್ಪಿದೆ, ದಯವಿಟ್ಟು ತಿಳಿಸಿ ಎಂದು ಕೇಳಿದ್ದಳು.

ಅದನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಒರೆಸಿ, ತಾವೇ ಸಂಪಾದಕರಿಗೆ ಒಂದು ಕರಡು ಬರೆದರು. ನಾನು ಗೆದ್ದೆ ಎಂದುಕೊಂಡೆ. ಓದಿದರೆ, ಕೂಲಿಗೆ ನೇಮಿಸಿದ ಸಂಗ್ರಹಕಾರ್ತಿಯೊಬ್ಬಳ ಅಪ್ರಾಮಾಣಿಕತೆಯಿಂದ ಮೂರು ತಿಂಗಳ ಮಾದರಿಗಳು ಕಲಬೆರಕೆಯಾಗಿವೆ ಎಂದಿತ್ತು. ಪಕ್ಕದಲ್ಲಿ ಅಕ್ಕನ ಹೆಸರಿಗೆ ಜಾಗ ಬಿಟ್ಟಿದ್ದರು.

"ಹೆಸರು ಬರಿ, ಸಹಿ ಹಾಕು. ಅವಳಿಗೆಂತ ಆಗ್ತದೆ? ಇಂಗ್ಲಿಷು ಬರ್ತದಾ ಅವಳಿಗೆ?"

ಕರಡನ್ನು ಕಿಸೆಯಲ್ಲಿಟ್ಟುಕೊಂಡು ಎರಡು ವಾರ ತಿರುಗಿದೆ. ಕುಮಟೆಯ ಬಸ್ ನಿಲ್ದಾಣದ ಬಳಿ ಒಂದು ಅಂಚೆಡಬ್ಬಿ, ಹೊನ್ನಾವರದಲ್ಲಿ ಒಂದು, ಭಟ್ಕಳದಲ್ಲಿ ಒಂದು. ಎಲ್ಲದರ ಮುಂದೆಯೂ ನಿಂತು ಹಿಂದೆ ಬಂದೆ. ಸಹಿ ಹಾಕಿದರೆ ಮುಖ್ಯಸ್ಥರು ಉಳಿಯುತ್ತಾರೆ, ನನ್ನ ಪಿಎಚ್.ಡಿ. ಉಳಿಯುತ್ತದೆ, ಆ ವಿದ್ಯಾರ್ಥಿನಿಯೂ ಉಳಿಯುತ್ತಾಳೆ. ಎಲ್ಲರಿಗೂ ಒಳ್ಳೆಯದೇ. ಕೃತಜ್ಞತೆಯ ಪಟ್ಟಿಯಲ್ಲಿ ಜಾಗ ಸಿಗದ ಹೆಸರಿಗೆ ತಪ್ಪಿನ ಪಟ್ಟಿಯಲ್ಲಿ ಜಾಗ ಸಿಗುತ್ತದೆ, ಅಷ್ಟೇ. ಇದನ್ನು ಯೋಚಿಸಿದಾಗೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬಂದು, ಇಳಿಯುವ ಊರಿಗಿಂತ ಮೊದಲೇ ಬಸ್ಸಿಳಿದು ನಡೆಯುತ್ತಿದ್ದೆ. ಅವಳು ಎಲ್ಲೂ ಸುಳ್ಳು ಹೇಳಿರಲಿಲ್ಲ. ಕೇಳಿದ ದಿನವೇ ನಿಜ ಹೇಳಿದ್ದಳು. ಲೇಖಕರು ಖುದ್ದಾಗಿ ಸಂಗ್ರಹಿಸಿದರು ಎಂದು ಬರೆದವನು ನಾನು.

ಹದಿನಾಲ್ಕನೆಯ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೂತು ಸಂಪಾದಕರಿಗೆ ಬೇರೆ ಪತ್ರ ಬರೆದೆ. ಹತ್ತು ತಿಂಗಳ ಮಾದರಿಗಳನ್ನು ಲೇಖಕರು ಸಂಗ್ರಹಿಸಿಲ್ಲ. ಖುದ್ದಾಗಿ ಸಂಗ್ರಹಿಸಿದರು ಎಂದು ಬರೆದದ್ದು ಸುಳ್ಳು. ಮಳೆಗಾಲದ ಮೂರು ತಿಂಗಳವು ಬೇರೆ ಹೊಳೆಯವು. ಅದನ್ನು ಪರಿಶೀಲಿಸದ ಹೊಣೆ ನನ್ನದು. ನನ್ನದೊಂದೇ ಸಹಿ ಹಾಕಿದೆ. ಅದರದೊಂದು ಪ್ರತಿಯನ್ನು ಆ ವಿದ್ಯಾರ್ಥಿನಿಗೂ ಕಳಿಸಿ, ತಪ್ಪು ನಿಮ್ಮದಲ್ಲ ಎಂದು ಮೇಲೆ ಬರೆದೆ. ಇನ್ನೊಂದನ್ನು ಮುಖ್ಯಸ್ಥರ ಕೈಗೇ ಕೊಟ್ಟೆ. ಅವರು ಓದಿ ಮಡಚಿ ಇಟ್ಟರು. ನಿವೃತ್ತರಾಗುವವರೆಗೆ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವರಿಗೆ ಮಾನ್ಯತೆ ಸಿಗಲಿಲ್ಲ, ನಾನು ಕೊನೆಯವರೆಗೂ ಡಾಕ್ಟರ್ ಆಗಲಿಲ್ಲ. ಅವರ ಮೌನ ನನಗೆ ಇವತ್ತಿಗೂ ನೋಯುತ್ತದೆ. ಕಪ್ಪೆಯ ಹೃದಯ ಬರೆಯುವುದನ್ನು ನಾನು ಕಲಿತದ್ದು ಅವರಿಂದಲೇ.

ಪತ್ರಿಕೆಯ ಕೊನೆಯ ಪುಟದಲ್ಲಿ ಐದು ಸಾಲಿನ ತಿದ್ದುಪಡಿ ಬಂತು. ಅದನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ಹಾಗಾರೆ ನನ್ನ ಬಳಚು ಸುಳ್ಳಾ ಮಾಸ್ತರೆ?" ಎಂದು ಕೇಳುವಾಗ ಅವಳ ಮುಖ ಚಿಕ್ಕದಾಯಿತು.

"ಬಳಚು ಖರೇನೇ ಅಕ್ಕ. ನಾ ಬರ್ದದ್ದು ಸುಳ್ಳು. ಇನ್ನು ದಿಬ್ಬಕ್ಕೆ ನಾನೂ ಬತ್ತೆ. ಬರೂಕೆ ಆಗದಿದ್ದ ದಿನ ಅಲ್ಲಿ ಸಿಕ್ಕಿದ್ದೇ ತಾ. ಸಿಕ್ಕದಿದ್ರೆ ಬರಿ ಬುಟ್ಟಿ ತಂದು ತೋರ್ಸು."

ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಎರಡನೆಯ ಅಧ್ಯಯನವನ್ನು ಮುಖ್ಯಸ್ಥರಿಲ್ಲದೆ ನಾನೊಬ್ಬನೇ ಮೊದಲಿನಿಂದ ಶುರುಮಾಡಿದೆ. ಬೇಸಿಗೆಯಿಡೀ ಅವಳ ಜೊತೆ ನೀರಿಗಿಳಿದೆ. ಎಂಬತ್ತರ ದಶಕದ ಮೊದಮೊದಲ ಆ ಆಷಾಢದ ಅಮಾವಾಸ್ಯೆಗೆ ನಾನು ಜ್ವರ ಬಂದು ಮಲಗಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕ ಬಂದಳು. ಬುಟ್ಟಿಯ ಮೇಲೆ ದಪ್ಪಗೆ ಸೊಪ್ಪು ಹಾಸಿತ್ತು. ಮತ್ತೆ ಕುಮಟೆಯಿಂದ ತಂದಳೇ ಎಂದು ಹೆದರಿದೆ. ಅವಳು ಒಳಗೆ ಬಂದು, ಹಿಂದೆ ಯಾರಾದರೂ ನೋಡುತ್ತಿದ್ದಾರೋ ಎಂದು ತಿರುಗಿ ನೋಡಿ, ಸೊಪ್ಪು ತೆಗೆದಳು. ಬುಟ್ಟಿ ಖಾಲಿ ಇತ್ತು.

"ಹೊಳೆ ಬದಿಗೆ ಹೋಗಿದ್ದೆ. ದಿಬ್ಬ ಕಾಣ್ಲಿಲ್ಲ" ಎಂದಳು. "ಬರಿ ಬುಟ್ಟಿ ಹೊತ್ಕಂಡು ಖಾಯಂ ಮನೆಗೆ ಬಂದದ್ದು ಇದೇ ಮೊದ್ಲು. ದಾರೀಲಿ ಯಾರಾದ್ರೂ ಕಂಡ್ರೆ ಅಂತ ಸೊಪ್ಪು ಮುಚ್ಕಂಡೆ."

ನಾನು ಎದ್ದು ಕೂತು ಅಳತೆಯ ಪುಸ್ತಕ ತೆರೆದು, ಆ ತಿಂಗಳ ಸಾಲಿನಲ್ಲಿ "ಸಿಗಲಿಲ್ಲ" ಎಂದು ಬರೆದೆ. ಪಕ್ಕದಲ್ಲಿ, ತಂದವರು ಎಂಬಲ್ಲಿ ಅವಳ ಹೆಸರು ಬರೆದೆ.