ಅತ್ತೆಯ ಗಾಡಿಯ ಮುಂಗಾಲು

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಐವತ್ತೆಂಟು ವರ್ಷ. ಅವಳ ಮೋಟಾರ್ ಸೈಕಲ್ಲಿಗೆ ಮೂವತ್ತೊಂದು. ಇಬ್ಬರಿಗೂ ಇನ್ನು ವಿಶ್ರಾಂತಿ ಕೊಡಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಅಪ್ಪ, ಅಮ್ಮ ಮತ್ತು ಮೂಳೆ ಡಾಕ್ಟರು. ಅತ್ತೆಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುವ ಧೈರ್ಯ ಆ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಅತ್ತೆಯದು ತಕ್ಕಡಿ ರಿಪೇರಿ ಕೆಲಸ. ಗೋದಾಮಿನಲ್ಲಿ ಮೂಟೆ ತೂಗುವ ತಕ್ಕಡಿಯಿಂದ ಹಿಡಿದು ಚಿನ್ನದಂಗಡಿಯ ಗಾಜಿನ ಗೂಡಿನೊಳಗಿನ ತಕ್ಕಡಿಯವರೆಗೆ, ಸುತ್ತಲಿನ ನಾಲ್ಕು ಊರುಗಳಲ್ಲಿ ಯಾವ ಮುಳ್ಳು ಸುಳ್ಳು ಹೇಳಿದರೂ ಅವಳಿಗೆ ಕರೆ ಬರುತ್ತದೆ. ಈ ವಿದ್ಯೆ ತಾತನದು. ತಾತ ಅದನ್ನು ಮಗನಿಗೆ ದಾಟಿಸಲು ಮೂರು ವರ್ಷ ಹೆಣಗಾಡಿದರು, ಅಪ್ಪನ ತಲೆಗೆ ಹತ್ತಲಿಲ್ಲ. ಬಾಗಿಲಿಗೆ ಒರಗಿ ಸುಮ್ಮನೆ ನೋಡುತ್ತಿದ್ದ ಮಗಳಿಗೆ ಹತ್ತಿತು. ಅಪ್ಪ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆದರು. ಅತ್ತೆ ತೂಕದ ಬಟ್ಟುಗಳ ಕಬ್ಬಿಣದ ಪೆಟ್ಟಿಗೆಯನ್ನು ಗಾಡಿಯ ಹಿಂದೆ ಬಿಗಿದುಕೊಂಡು ಹೊರಟಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಪುರುಸೊತ್ತಾಗಲಿಲ್ಲ" ಎನ್ನುತ್ತಾಳೆ. ಅದು ನಿಜವೂ ಹೌದು.

ಎರಡು ವರ್ಷದ ಹಿಂದೆ ಗೋದಾಮೊಂದರ ಮೆಟ್ಟಿಲಲ್ಲಿ ಜಾರಿ ಅವಳ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಹಳ್ಳದಿಣ್ಣೆಯ ದಾರಿಯಲ್ಲಿ ಹತ್ತು ಕಿಲೋಮೀಟರ್ ಗಾಡಿ ಓಡಿಸಿದರೆ ಬೆರಳು ಜೋಮು ಹಿಡಿದು, ಇಳಿದ ಮೇಲೂ ಅರ್ಧ ಗಂಟೆ ಕೈ ನಡುಗುತ್ತಿತ್ತು. ಅವಳ ಕೆಲಸದಲ್ಲಿ ಅಕ್ಕಿಕಾಳಿಗಿಂತ ಹಗುರವಾದ ತಗಡಿನ ಬಟ್ಟುಗಳನ್ನು ಚಿಮಟದಲ್ಲಿ ಹಿಡಿದು ತಟ್ಟೆಯ ನಟ್ಟನಡುವೆ ಇಡಬೇಕು. ಒಮ್ಮೆ ಚಿನ್ನದಂಗಡಿಯಲ್ಲಿ ಅಂಥದ್ದೊಂದು ಬಟ್ಟು ಕೈಜಾರಿ ಬಿತ್ತು. ಅಂಗಡಿಯವನು ಬಗ್ಗಿ ಎತ್ತಿಕೊಟ್ಟು, ನೋಡಲಿಲ್ಲವೆಂಬಂತೆ ಗೋಡೆಯ ಕಡೆ ತಿರುಗಿದನಂತೆ. ಬೈದಿದ್ದರೆ ಅತ್ತೆ ತಿರುಗಿ ಬೈದು ಮರೆತುಬಿಡುತ್ತಿದ್ದಳು. ಆ ಕನಿಕರ ಮಾತ್ರ ಅವಳಿಗೆ ತಿಂಗಳುಗಟ್ಟಲೆ ಉರಿಯಿತು.

"ಈ ಕೈಗೆ ಕುಲುಕಾಟ ಆಗಬಾರದಮ್ಮ. ಗಾಡಿ ಬಿಟ್ಟುಬಿಡಿ," ಎಂದರು ಡಾಕ್ಟರು.

"ಕುಲುಕಾಟ ಆಗಬಾರದು ಅಂದ್ರಿ, ಅದು ವೈದ್ಯದ ಮಾತು. ಒಪ್ಪಿದೆ," ಎಂದಳು ಅತ್ತೆ. "ಗಾಡಿ ಬಿಡಿ ಅಂದಿದ್ದು ನೀವು ಮೇಲೆ ಸೇರಿಸಿದ್ದು. ಅದನ್ನ ನಾನು ತಗೊಳ್ಳಲ್ಲ."

ಬಸ್ಸಿನಲ್ಲಿ ಹೋಗು ಎಂದು ಅಪ್ಪ ಎಲ್ಲ ಬಸ್ಸುಗಳ ವೇಳೆಯನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಮೂವತ್ತೆಂಟು ಕಿಲೋ ಪೆಟ್ಟಿಗೆಯನ್ನು ಬಸ್ಸಿಗೆ ಹತ್ತಿಸುವವರು ಯಾರು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಅತ್ತೆ ಗಾಡಿಯನ್ನು ಸೀದಾ ಗ್ಯಾರೇಜಿಗೆ ಓಡಿಸಿದಳು. ಹೆಂಗಸರು ಎಲ್ಲಿ ತಮಗೆ ಬೇಕಾದ ಕಡೆ ಹೊರಟುಬಿಡುತ್ತಾರೋ ಎಂಬ ಕಳವಳಕ್ಕೆ ನಮ್ಮಲ್ಲಿ ಕಾಳಜಿ ಎಂಬ ಒಳ್ಳೆಯ ಹೆಸರಿದೆ. ಆ ಕಾಳಜಿಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ನಾನೂ ಅವಳ ಹಿಂದೆ ಹೋದೆ.

ಗ್ಯಾರೇಜಿನ ಮೇಸ್ತ್ರಿಯನ್ನು ಎಲ್ಲರೂ ಕರೆಯುವುದು ಬಿಗಿ ಮೇಸ್ತ್ರಿ ಎಂದು. ಅವನು ಬಿಗಿದ ನಟ್ಟನ್ನು ಇನ್ನೊಬ್ಬರು ಬಿಚ್ಚಿದ ಉದಾಹರಣೆ ಇಲ್ಲ. ಅವನು ಮುಂದಿನ ಬ್ರೇಕು ಹಿಡಿದು ಹ್ಯಾಂಡಲ್ ಒತ್ತಿದ. ಚಕ್ರದ ಎರಡೂ ಬದಿಗೆ ನಿಂತಿರುವ ಕೊಳವೆಗಳು, ಗ್ಯಾರೇಜಿನವರು ಫೋರ್ಕ್ ಎನ್ನುವ, ಅತ್ತೆ ಗಾಡಿಯ ಮುಂಗಾಲು ಎನ್ನುವ ಆ ಜೋಡಿ, ಠಪ್ಪೆಂದು ತಳ ಮುಟ್ಟಿ ಸೋತವರಂತೆ ಅಲ್ಲೇ ಕೂತವು.

"ಸ್ಪ್ರಿಂಗು ಸತ್ತೋಗಿದೆ ಅಕ್ಕ. ಪ್ರತಿ ಹಳ್ಳದ ಏಟೂ ಸೀದಾ ನಿಮ್ಮ ಕೈಗೇ ಬರ್ತಿದೆ."

"ಅಂದ್ರೆ ಮುದಿಯಾಗಿರೋದು ನನ್ನ ಕೈಯಲ್ಲ, ಇದು," ಎಂದು ಅತ್ತೆ ನನ್ನ ಕಡೆ ತಿರುಗಿದಳು. "ಕೇಳಿಸ್ಕೊಂಡೆಯಾ? ಮನೇಲಿ ಹೋಗಿ ಹೇಳು."

ದೂರದ ಊರಿನಲ್ಲಿ ಹಳೆಯ ಗಾಡಿಗಳಿಗೆ ಹೊಸ ಸ್ಪ್ರಿಂಗ್ ಮಾಡಿಕೊಡುವವರಿದ್ದರು. ಸ್ಪ್ರಿಂಗಿನ ಕೆಳಗೆ ಕೂರುವ ಒಂದು ಪುಟ್ಟ ಕವಾಟವನ್ನೂ ಕೊಡುತ್ತಾರೆ. ಹಳ್ಳ ಬಂದಾಗ ಒಳಗಿನ ಎಣ್ಣೆಗೆ ಅದು ಬೇಗ ದಾರಿ ಬಿಡುತ್ತದಂತೆ. ಅವರ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಸವಾರರ ತೂಕ ಎಷ್ಟು? ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಅತ್ತೆ ಅರವತ್ತೆರಡು, ಪೆಟ್ಟಿಗೆ ಮೂವತ್ತೆಂಟು, ಒಟ್ಟು ನೂರು ಎಂದು ಬರೆದೆ. "ಪೆಟ್ಟಿಗೆ ಸೇರಿಸಿದೆ ತಾನೆ?" ಎಂದು ಅತ್ತೆ ಕೇಳಿದಳು. "ಸೇರಿಸಿದೆ" ಎಂದೆ. "ಭಾರಕ್ಕೆ ತಕ್ಕ ಎಣ್ಣೆ ನಾನು ಹಾಕ್ತೀನಿ" ಎಂದು ಮೇಸ್ತ್ರಿ ಎಲ್ಲಕ್ಕಿಂತ ಗಟ್ಟಿ ಎಣ್ಣೆಯ ಡಬ್ಬಿ ತೆಗೆದಿಟ್ಟ. ಒಂದು ಗುಂಜಿ ತೂಕವನ್ನೂ ಬಿಟ್ಟುಕೊಡದ ಮನೆತನ ನಮ್ಮದು. ಲೆಕ್ಕ ಕೈಕೊಡುತ್ತದೆಂದು ಮೂವರಲ್ಲಿ ಯಾರಿಗೂ ಅನ್ನಿಸಲಿಲ್ಲ.

ಹೊಸ ಸ್ಪ್ರಿಂಗ್ ಕೂರಿಸಿದ ದಿನ ಅತ್ತೆ ಹೊಸ ಚಪ್ಪಲಿ ಸಿಕ್ಕ ಮಗುವಿನಂತೆ ಗ್ಯಾರೇಜಿನ ಸುತ್ತ ಎರಡು ಸುತ್ತು ಹಾಕಿ, ಕಲ್ಲುಗಣಿಯ ರಸ್ತೆಗೆ ಹೋಗಿಬಂದಳು. ಬಂದವಳು ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಮುಂಗಾಲು ಈಗ ಕೂರುತ್ತಲೇ ಇರಲಿಲ್ಲ. ಮರದ ಕೊರಡಿನಂತೆ ನೆಟ್ಟಗೆ ನಿಂತು, ಸಣ್ಣ ಕಲ್ಲನ್ನೂ ಬಿಡದೆ ಎಣಿಸಿ ಎಣಿಸಿ ಮಣಿಕಟ್ಟಿಗೆ ಮುಟ್ಟಿಸುತ್ತಿತ್ತು. ನೋವು ಮೊದಲಿನದಕ್ಕೆ ಇಮ್ಮಡಿಯಾಗಿತ್ತು.

ಅಪ್ಪ "ನಾನು ಹೇಳಲಿಲ್ಲವಾ" ಎನ್ನಲಿಲ್ಲ, ಆ ಮಟ್ಟಿಗೆ ಒಳ್ಳೆಯವರು. ಆದರೆ ಮರುದಿನವೇ ಒಬ್ಬ ಹಲ್ಲಿನ ಡಾಕ್ಟರನ್ನು ಮನೆಗೆ ಕರೆತಂದರು. ಅವರಿಗೆ ಹಳೆಯ ಗಾಡಿಗಳ ಹುಚ್ಚು. ತೊಳೆದು ಹೊಳಪು ಕೊಟ್ಟು ತಮ್ಮ ಕ್ಲಿನಿಕ್ಕಿನ ಹಜಾರದಲ್ಲಿ ನಿಲ್ಲಿಸುತ್ತಾರಂತೆ, ಯಾರೂ ಓಡಿಸುವುದಿಲ್ಲವಂತೆ.

"ಪಕ್ಕದಲ್ಲಿ ನನ್ನನ್ನೂ ನಿಲ್ಲಿಸ್ಕೊಳ್ತಾರಾ ಕೇಳು," ಎಂದು ಅತ್ತೆ ಒಳಗಿನಿಂದ ಕೂಗಿದಳು. ಡಾಕ್ಟರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಆಮೇಲೆ ಅಪ್ಪ ಸಿಟ್ಟಾದರು. "ಅಕ್ಕ, ಇನ್ನೆರಡು ವಾರಕ್ಕೆ, ಗುರುವಾರದ ದಿನ, ಔಷಧಿ ಕಾರ್ಖಾನೆಯವರ ತಕ್ಕಡಿ ನೋಡಬೇಕು ತಾನೆ? ಮೂವತ್ತು ಕಿಲೋಮೀಟರ್, ಗಣಿ ರಸ್ತೆ. ಅಲ್ಲಿ ನಿನ್ನ ಕೈ ನಡುಗಿದ್ರೆ ಅವರು ಬೇರೆಯವರನ್ನ ಕರೀತಾರೆ. ಅವರು ಬಿಟ್ಟರೆ ಊರೆಲ್ಲ ಬಿಡುತ್ತೆ. ಆಗ ಗಾಡಿ ಕೊಡ್ತೀಯಾ?"

ಅತ್ತೆ ಬಲಗೈ ಮಣಿಕಟ್ಟನ್ನು ಒಮ್ಮೆ ತಿರುಗಿಸಿ ನೋಡಿದಳು. "ನಡುಗಿದ್ರೆ ಕೊಡ್ತೀನಿ," ಎಂದಳು. ಆ ಗಾಡಿ ಹೋದರೆ ಅವಳಿಗೆ ಉಳಿಯುವುದು ಕಿಟಕಿ ಪಕ್ಕದ ಒಂದು ಕುರ್ಚಿ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಎರಡು ದಿನ ಅವಳು ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಲ ಶೆಡ್ಡಿನಲ್ಲಿ, ಗೋದಾಮಿನವರು ರಿಪೇರಿಗೆ ಕಳಿಸಿದ್ದ ಮೂಟೆ ತೂಗುವ ದೊಡ್ಡ ತಕ್ಕಡಿಯ ಮುಂದೆ ಕೂತು ಅದರ ಹಲ್ಲುಗಳನ್ನು ಉಜ್ಜುತ್ತಿದ್ದಳು. ಮೂರನೆಯ ದಿನ ಬೆಳಗ್ಗೆ ನನ್ನನ್ನು ಕೂಗಿದಳು.

"ಲೇ, ಬಾ ಇಲ್ಲಿ. ನಲವತ್ತು ವರ್ಷದಿಂದ ಅಂಗಡಿಯವರಿಗೆಲ್ಲ ನಾನು ಹೇಳೋದೇನು? ಬಾಯಲ್ಲಿ ಹೇಳಬೇಡ, ತೂಗಿ ತೋರಿಸು ಅಂತ. ನಾವು ತೂಗಿದ್ವಾ?"

"ಕೂಡಿದ್ವಲ್ಲ ಅತ್ತೆ."

"ಕೂಡಿದ್ವಿ. ತೂಗಲಿಲ್ಲ."

ಗಾಡಿಯ ಮುಂದಿನ ಚಕ್ರವನ್ನು ತಕ್ಕಡಿಯ ಮೇಲೆ ಹತ್ತಿಸಿ, ಹಿಂದಿನ ಚಕ್ರದಡಿ ಅಷ್ಟೇ ಎತ್ತರಕ್ಕೆ ಹಲಗೆ ಜೋಡಿಸಿದೆವು. ಅತ್ತೆ ಹತ್ತಿ ಕೂತಳು. ಮೇಸ್ತ್ರಿಯನ್ನು ಕರೆಸಿ, ಗಾಡಿ ವಾಲದಂತೆ ಹಗುರವಾಗಿ ಹಿಡಿಯಲು ಹೇಳಿದೆವು. ನಾನು ಮುಳ್ಳು ಓದಿದೆ: ಎಂಬತ್ತಮೂರು ಕಿಲೋ. ಆಮೇಲೆ ಪೆಟ್ಟಿಗೆಯನ್ನು ಹಿಂದೆ ಬಿಗಿದು ಮತ್ತೆ ಓದಿದೆ. ನಂಬಿಕೆ ಬರದೆ ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿದೆ.

"ಎಪ್ಪತ್ತೆಂಟು! ಅತ್ತೆ, ಕಮ್ಮಿ ಆಯ್ತು!"

ಮೂವತ್ತೆಂಟು ಕಿಲೋ ಹೇರಿದ್ದಕ್ಕೆ ಮುಂದಿನ ಭಾರ ಐದು ಕಿಲೋ ಇಳಿದಿತ್ತು. ಪೆಟ್ಟಿಗೆ ಕೂರುತ್ತಿದ್ದದ್ದು ಹಿಂದಿನ ಚಕ್ರಕ್ಕಿಂತಲೂ ಆಚೆಗೆ. ಚಕ್ರವೇ ನಡುಗಂಬವಾಗಿ ಇಡೀ ಗಾಡಿ ತಕ್ಕಡಿಯ ಕೋಲಾಗಿತ್ತು. ಅತ್ತ ತಗ್ಗಿದರೆ ಇತ್ತ ಏಳಲೇಬೇಕು. ನೂರು ಕಿಲೋ ಆಳಿಗೆ ಮಾಡಿದ ಸ್ಪ್ರಿಂಗನ್ನು ಅರವತ್ತೆರಡಕ್ಕಿಂತಲೂ ಹಗುರವಾದವರ ಗಾಡಿಗೆ ತುರುಕಿದ್ದೆವು. ತಕ್ಕಡಿಯವಳು, ಲೆಕ್ಕದ ಟೀಚರು, ಬಿಗಿ ಮೇಸ್ತ್ರಿ, ಮೂವರೂ ಶೆಡ್ಡಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವಳು ಅತ್ತೆ. ಶೆಡ್ಡಿನ ತಗಡು ಅದುರುವಷ್ಟು ನಕ್ಕಳು.

ಹೊಸ ಅರ್ಜಿಯನ್ನು ಅವಳೇ ತುಂಬಿದಳು. ನನ್ನ ಕೈಗೆ ಪೆನ್ನು ಕೊಡಲಿಲ್ಲ. ಮೆತ್ತನೆಯ ಸ್ಪ್ರಿಂಗ್ ಬಂದಾಗ ಗುರುವಾರಕ್ಕೆ ಮೂರು ದಿನ ಉಳಿದಿತ್ತು. ಮೇಸ್ತ್ರಿ ಗಟ್ಟಿ ಎಣ್ಣೆ ಚೆಲ್ಲಿ ತೆಳ್ಳನೆಯದು ಹಾಕಿದ. ಸ್ಪ್ರಿಂಗಿನ ಮೇಲೆ ಕೂರುವ ಕೊಳವೆಯ ತುಂಡನ್ನು ಅತ್ತೆ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಉಜ್ಜಿಸಿದಳು. ಪ್ರತಿ ಸಲವೂ ಅವಳು ಗಾಡಿ ಹತ್ತಿ ಕೂರಬೇಕು, ಮುಂಗಾಲು ಎಷ್ಟು ಇಳಿಯಿತೆಂದು ನಾನು ಅಳೆಯಬೇಕು. ಒಂಬತ್ತನೆಯ ಸಲಕ್ಕೆ ಮೇಸ್ತ್ರಿ ಕೈಮುಗಿದ. "ಅಕ್ಕ, ಇದು ಗಾಡಿ, ಚಿನ್ನದ ತಕ್ಕಡಿಯಲ್ಲ."

"ನನಗೆ ಎರಡೂ ಒಂದೇ. ಬಿಚ್ಚು," ಎಂದಳು.

ಗುರುವಾರ ಅಪ್ಪ ರಜೆ ಹಾಕಿದರು. ನಾವಿಬ್ಬರೂ ಬಸ್ಸಿನಲ್ಲಿ ಮುಂಚೆಯೇ ಹೋಗಿ ಕಾರ್ಖಾನೆಯ ಗೇಟಿನಲ್ಲಿ ನಿಂತೆವು. ಅವಳು ಬರುವುದು ದೂರದಿಂದಲೇ ಕಂಡಿತು. ಗೇಟಿನ ಮುಂದೆ ಲಾರಿಗಳು ತೋಡಿದ ದೊಡ್ಡ ಗುಂಡಿಯೊಂದಿತ್ತು. ಪಕ್ಕಕ್ಕೆ ತಿರುಗಿಸಿದ್ದರೆ ತಪ್ಪುತ್ತಿತ್ತು, ಅವಳು ತಿರುಗಿಸಲಿಲ್ಲ. ಚಕ್ರ ಇಳಿದು ಎದ್ದಿತು. ಹ್ಯಾಂಡಲ್ ಮೇಲಿನ ಕೈ ಅಲುಗಲಿಲ್ಲ.

ಗಾಳಿಗೆ ಮುಳ್ಳು ಅಲುಗುತ್ತದೆಂದು ತೂಕದ ಕೋಣೆಯಲ್ಲಿ ಫ್ಯಾನು ಕೂಡ ಹಾಕುವುದಿಲ್ಲ. ಅತ್ತೆ ಅರ್ಧ ಗಂಟೆ ಕೂತು ಸುಧಾರಿಸಿಕೊಳ್ಳಲು ಹೋಗಲಿಲ್ಲ, ನೀರು ಕುಡಿಯಲಿಲ್ಲ. ಹೆಲ್ಮೆಟ್ ಕೆಳಗಿಟ್ಟು, ಚಿಮಟ ಹಿಡಿದು, ಎಲ್ಲಕ್ಕಿಂತ ಚಿಕ್ಕ ಬಟ್ಟನ್ನೇ ಮೊದಲು ಎತ್ತಿಕೊಂಡಳು. ಬಟ್ಟು ತಟ್ಟೆಯ ನಟ್ಟನಡುವೆ ಸದ್ದಿಲ್ಲದೆ ಕೂತಿತು. ಮುಳ್ಳು ಓಲಾಡಿ, ತನ್ನ ಗೀರಿನ ಮೇಲೆ ನಿಂತಿತು. ಹೀಗೆ ಹನ್ನೊಂದು ಬಟ್ಟು. ಕಾರ್ಖಾನೆಯವರು ಪುಸ್ತಕದಲ್ಲಿ ರುಜು ಹಾಕಿ, ಮುಂದಿನ ವರ್ಷದ ತಾರೀಖನ್ನು ಆಗಲೇ ಗೊತ್ತುಮಾಡಿದರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅತ್ತೆ ಅಪ್ಪನ ಬಳಿ ಬಂದು, ಹಿಂದೆ ಕಟ್ಟಿಕೊಂಡಿದ್ದ ಅವರ ಕೈಗಳನ್ನು ಹಿಡಿದು ಮುಂದಕ್ಕೆ ಎಳೆದಳು. ಎರಡೂ ಕೈ ಗಡಗಡ ನಡುಗುತ್ತಿದ್ದವು.

"ನೀನು ಗಣಿ ರಸ್ತೇಲಿ ಬರ್ತಿದ್ದೀಯ ಅಂತ ಬೆಳಗ್ಗೆಯಿಂದ ಹೀಗೇ ಅಕ್ಕ," ಎಂದರು ಅಪ್ಪ. ಅವರ ಕಣ್ಣಲ್ಲಿ ನೀರಿತ್ತು. "ನನಗೆ ಭಯ ಕಣೆ."

ಅತ್ತೆ ಆ ಕೈಗಳನ್ನು ಬಿಡಲಿಲ್ಲ.

"ಭಯ ನಿನಗೆ. ನಡುಕ ನಿನಗೆ," ಎಂದಳು. "ಮನೇಲಿ ಕೂರಬೇಕಾದವಳು ನಾನಾ?"