ಸೇರಿನ ಬಾಯಿಯ ಮೇಲಿನ ಕಾಳು

ನನಗೊಂದು ಚಟವಿದೆ. ಬೀಡಿಯಲ್ಲ, ಎಲೆ ಅಡಿಕೆಯಲ್ಲ. ಏನನ್ನೇ ಆಗಲಿ ಎರಡು ಸಲ ಅಳೆಯುವುದು. ಬೀಸಲಿಕ್ಕೆ ಜೋಳ ಅಳೆದುಕೊಡಿ ಎಂದರೆ ಸೇರು ತುಂಬಿ, ಸುರಿದು, ಮತ್ತೆ ತುಂಬಿ ನೋಡುತ್ತೇನೆ. ನನ್ನ ಹೆಂಡತಿಗೆ ಮುಷ್ಟಿಯೇ ಮಾಪು. "ಜ್ವಾಳ ಏನು ನಡುವ ಎದ್ದು ಓಡಿ ಹೋಗ್ತದೇನ್ರಿ?" ಎಂದು ಆಕೆ ಕೇಳಿದರೆ ಸುಮ್ಮನೆ ನಗುತ್ತೇನೆ. ಇದು ಔರಾದದಲ್ಲಿ ಏಳನೇ ತರಗತಿಗೆ ಪಾಠ ಹೇಳುವಾಗ ಬಂದ ಚಟ. ಆಕೆಗೆ ಹೇಳಲು ಹೊರಟರೆ ಅಷ್ಟರಲ್ಲಿ ಹಿಟ್ಟಿನ ಗಿರಣಿ ಬಾಗಿಲು ಹಾಕಿಬಿಡುತ್ತದೆ. ನಿಮಗಾದರೆ ಹೇಳಬಹುದು.

ಭಾಲ್ಕಿಯಲ್ಲಿ ಹುಟ್ಟಿ ಬೀದರಿನಲ್ಲಿ ಓದಿದ ನಾನು ಗಣಿತ ಕಲಿತದ್ದೆಲ್ಲ ಉರ್ದುವಿನಲ್ಲಿ. ಉದ್ದ ನನಗೆ ತೂಲ್, ಅಗಲ ಅರ್ಜ್. ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತದ ಲಷ್ಕರ ಬಂದು, ನಿಜಾಮರ ಕಾಲ ಮುಗಿದು, ಶಾಲೆಗೆ ಕನ್ನಡ ಬಂದಾಗ ನಾನು ಔರಾದದಲ್ಲಿ ಮಾಸ್ತರ. ಹೊಸ ಪುಸ್ತಕದ ಘನಫಲದ ಪಾಠವನ್ನು ಮನಸ್ಸಿನಲ್ಲೇ ಉರ್ದುವಿಗೆ ತಿರುಗಿಸಿ ಅರ್ಥ ಮಾಡಿಕೊಂಡು, ಮಕ್ಕಳೆದುರು ಕನ್ನಡ ಪಂಡಿತನಂತೆ ನಿಲ್ಲುತ್ತಿದ್ದೆ. ಪುಸ್ತಕದ ತುಂಬ ನಲ್ಲಿಯಿರುವ ನೀರಿನ ತೊಟ್ಟಿಗಳು. ನಮ್ಮ ಮಕ್ಕಳು ನಲ್ಲಿಯನ್ನೇ ಕಂಡಿರಲಿಲ್ಲ. ಆದ್ದರಿಂದ ಒಂದು ಕಟ್ಟಿಗೆಯ ಡಬ್ಬಿ, ಒಂದಿಷ್ಟು ಉಸುಕು, ಒಂದು ಸೇರು ತಂದಿಟ್ಟುಕೊಂಡೆ.

ಅಲ್ಲಿಯೇ ಜಗಳ ಹತ್ತಿತು. ಮಕ್ಕಳು ಸೇರಿನ ಬಾಯಿಯ ಮೇಲೆ ಗೋಪುರ ಏಳುವಂತೆ ತುಂಬುವರು. ಕಣದಲ್ಲಿ ಅವರು ಕಂಡದ್ದೇ ಹಾಗೆ. ನಾನು ಕೋಲು ಎಳೆದು ಸಮ ಮಾಡುವೆ. "ಘನಫಲ ಅಂದ್ರ ಒಳಗ ಹಿಡಿಯೋದಷ್ಟೇ. ಬಾಯಿ ಮ್ಯಾಲಿಂದು ಲೆಕ್ಕಕ್ಕಿಲ್ಲ" ಎಂದರೆ, ಇಂಥ ಜಿಪುಣನ ಮನೆಯಲ್ಲಿ ಹೆಂಡತಿ ಹೇಗೆ ಬಾಳುತ್ತಾಳೋ ಎಂಬಂತೆ ನೋಡುವರು. ಇನ್ನೊಂದು ಮಾತನ್ನೂ ದಿನಾ ಹೇಳುತ್ತಿದ್ದೆ: "ಎರಡು ಸಲ ಅಳೀರಿ. ಎರಡು ಸಲಾನೂ ಅಷ್ಟೇ ಬಂದ್ರ ಅದು ಖರೇ."

ತರಗತಿಯಲ್ಲಿ ಒಬ್ಬಳೇ ಹುಡುಗಿ, ಡಾಬಕಾ ಹಳ್ಳಿಯ ಕುರಿಗಾರರ ಮನೆಯ ಕಾಶಿಬಾಯಿ. ಔರಾದದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಪಾಸಾದರೆ ಮುಂದಿನ ಓದು, ನಾಪಾಸಾದರೆ ಮದುವೆ ಎಂದು ಅವಳಪ್ಪ ನನ್ನೆದುರೇ ಹೇಳಿ ಹೋಗಿದ್ದ. ಬರವಣಿಗೆಯ ಪರೀಕ್ಷೆಯಲ್ಲಿ ಅವಳು ಅಂಚಿನಲ್ಲಿ ನಿಂತಿದ್ದಳು; ಬಾಯಿ ಪರೀಕ್ಷೆಯ ಅಂಕ ಸಿಕ್ಕರೆ ಮಾತ್ರ ದಾಟುವಳು.

ಬಾಯಿ ಪರೀಕ್ಷೆಗೆ ಧಾರವಾಡದ ಕಡೆಯಿಂದ ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಕೂತರು. ಒಳ್ಳೆಯವರೇ, ಆದರೆ ಪುಸ್ತಕ ಬಿಟ್ಟು ಕದಲದವರು. ನಲ್ಲಿಯ ತೊಟ್ಟಿ ಬಿಟ್ಟು ಹಗೇವಿನ ಲೆಕ್ಕ ಕೇಳಿರೆಂದು ನಾನೇ ಬೇಡಿಕೊಂಡಿದ್ದೆ. ಹಗೇವು ಎಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಒಳಗೆ ಕೋಣೆಯಷ್ಟು ಜಾಗ, ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ, ಆ ಬಾಯಿಗೊಂದು ಕಲ್ಲು.

"ನಿಮ್ಮನಿ ಹಗೇವಿನ್ಯಾಗ ಎಷ್ಟು ಹಿಡೀತೈತಿ? ಅಂದಾಜು ಹೇಳವಾ," ಎಂದರು ಸಾಹೇಬರು.

"ಎಂಟು ಮಂದಿ ಹಿಡಿತಾರ್ರಿ," ಎಂದಳು ಕಾಶಿ.

ಹುಡುಗರು ನಕ್ಕರು. ಸಾಹೇಬರು ನಗಲಿಲ್ಲ. "ನಾ ಕೇಳಿದ್ದು ಕಾಳಿನ ಲೆಕ್ಕ" ಎಂದು ಪೆನ್ನು ತೆಗೆದರು. ನಡುವೆ ಬಾಯಿ ಹಾಕಬಾರದು, ಹಾಕಿದೆ: "ಅದು ಹ್ಯಾಂಗ ಹೇಳ್ತಿ, ಕಾಶಿ?"

"ಎರಡು ಸಲ ಅಳದೀವ್ರಿ. ಎರಡು ಸಲಾನೂ ಅಷ್ಟೇ ಬಂದ್ರ ಖರೇ ಅಂತ ನೀವೇ ಹೇಳೀರಲ್ರಿ."

"ಯಾವಾಗ ಅಳದ್ರಿ?" ಎಂದರು ಸಾಹೇಬರು.

"ಒಮ್ಮೆ ನಿಜಾಮರ ಕಡೆ ಬಂದೂಕಿನವರು ಊರಾಗ ಹೊಕ್ಕಾಗ್ರಿ. ಹಗೇವು ಖಾಲಿ ಇತ್ತು. ಅವ್ವ, ಕಾಕಿ, ನಾವು ಹುಡುಗರು ಎಲ್ಲಾ ಕೂಡಿ ಎಂಟು ಮಂದಿ ಕುಂತೇವ್ರಿ. ಮಲಗ್ಲಾಕ ಬರಲ್ಲ, ಮೊಣಕಾಲು ಮಡಚಬೇಕು. ಇನ್ನೊಮ್ಮೆ ಲಷ್ಕರ ಬಂದು ಹೋದ ಮ್ಯಾಲ. ಆವಾಗ ಬ್ಯಾರೆ ಮಂದಿ ಕತ್ತಿ ಹಿಡಕೊಂಡು ಬಂದ್ರು. ನಮ್ಮ ಬಾಜೂ ಮನಿ ಇಸ್ಮಾಯಿಲ ಕಾಕಾ, ಅವರ ಮನಿಯವರು ಕುಂತ್ರು. ಅವರೂ ಎಂಟೇ ಮಂದಿ ಹಿಡಿದ್ರು."

ನಕ್ಕ ಹುಡುಗರು ತಲೆ ತಗ್ಗಿಸಿದರು. ಆ ವರ್ಷ ಯಾರು ಎಲ್ಲಿ ಅಡಗಿದ್ದರು, ಅಡಗಲು ಜಾಗ ಸಿಗದವರು ಏನಾದರು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಾಹೇಬರಿಗೆ ಮಾತ್ರ ಲೆಕ್ಕದ ದಾರಿಯೇ ತಿಳಿದದ್ದು. "ಇನ್ನೊಬ್ಬರು ಹಿಡೀತಿರ್ಲಿಲ್ಲೇನವಾ?" ಎಂದು ಮೆಲ್ಲಗೆ ಕೇಳಿದರು.

"ನಮ್ಮ ಆಯಿ, ಅಪ್ಪನ ಅವ್ವ, ಹಿಡಿತಿದ್ಳರಿ. ಆದ್ರ ಕಲ್ಲು ಹೊರಗಿಂದ ಮುಚ್ಚಬೇಕಲ್ರಿ? ಎರಡು ಸಲಾನೂ ಆಯೀನೇ ಮುಚ್ಚಿ, ಉಸುರಾಡ್ಲಾಕ ಸಂದಿ ಬಿಟ್ಟು, ಕಂಬಳಿ ಹಾಸಿ ಮ್ಯಾಲ ಕುಂತಳು. ಬಂದವರು ಕೇಳಿದ್ರ ಉಣ್ಣೆ ನೂಲ್ಕೋತ ಯಾರೂ ಇಲ್ಲ ಅಂದ್ಳು."

ಸಾಹೇಬರು ಪೆನ್ನಿನ ಟೊಪ್ಪಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ, "ಖರೇ ಐತಿ" ಎಂದು ಪೂರ್ತಿ ಅಂಕ ಬರೆದರು. ಕಾಶಿ ಪಾಸಾದಳು. ಮುಂದೆ ಓದಿದಳು ಕೂಡ.

ಮರುದಿನ ಶಾಲೆಯಲ್ಲಿ ಸೇರಿನ ಮೇಲೆ ಕೋಲು ಎಳೆಯಲು ಕೈ ಬರಲಿಲ್ಲ; ಹಗೇವಿನ ಬಾಯಿಯ ಮೇಲೆ ಕೂತ ಆಯಿ ಕಣ್ಣ ಮುಂದಿದ್ದಳು. ಆದರೂ ಎಳೆದೆ, ಪಾಠ ಪಾಠವೇ, ಘನಫಲ ಒಳಗೆ ಹಿಡಿಯುವುದಷ್ಟೇ. ಮನೆಯಲ್ಲಿ ಇನ್ಸ್‌ಪೆಕ್ಟರರ ಭಯವಿಲ್ಲ. ಮೊದಲ ಸಲ ಗಣಿತದಂತೆ ಸಮ ಮಾಡಿ ಅಳೆಯುತ್ತೇನೆ. ಎರಡನೇ ಸಲ ಬಾಯಿಯ ಮೇಲೆ ಗೋಪುರ ಏಳುವಂತೆ ತುಂಬಿ, ಕೋಲು ಮುಟ್ಟದೆ ಮೊರಕ್ಕೆ ಸುರಿಯುತ್ತೇನೆ.

"ಇಷ್ಟ್ಯಾಕ್ರಿ? ಇವತ್ತು ಯಾರರೆ ಬರೋರು ಅದಾರೇನು?" ಎನ್ನುತ್ತಾಳೆ ಹೆಂಡತಿ.

"ಬಂದ್ರ ಬರ್ಲಿ ತಗೋ," ಎನ್ನುತ್ತೇನೆ.